ಏಳೂರ ಹೆಪ್ಪು

ಸ್ವಾಮಿಯ ಬೆಟ್ಟದ ಸುತ್ತ ಏಳು ಊರುಗಳಿದ್ದವು. ಏಳೂ ಊರಿನಲ್ಲಿ ಹಸುಗಳಿದ್ದವು, ಹಾಲಿತ್ತು, ಹಾಲು ಕಾಸಿಡಲು ಮಡಕೆಗಳಿದ್ದವು. ಆದರೆ ಯಾವ ಊರಿಗೂ ತನ್ನದೆನ್ನುವ ಹೆಪ್ಪು ಇರಲಿಲ್ಲ.

ಕಟ್ಟಳೆ ಹಾಗಿತ್ತು. ಯಾರೂ ತಮ್ಮ ಊರಿನ ಮೊಸರಿನಿಂದ ತಮ್ಮ ಹಾಲಿಗೆ ಹೆಪ್ಪು ಹಾಕುವಂತಿಲ್ಲ. ದೀಪ ಹಚ್ಚುವ ಹೊತ್ತಿಗೆ ಮೂಡಲೂರಿನ ಮೊಸರು ನಮ್ಮೂರಿಗೆ ಬರಬೇಕು, ನಮ್ಮೂರಿನ ಮೊಸರು ಪಡುವಲೂರಿಗೆ ಹೋಗಬೇಕು. ಹೆಪ್ಪು ಮೂಡಲಿಂದ ಬರುತ್ತದೆ, ಪಡುವಲಿಗೆ ಹೋಗುತ್ತದೆ. ಹೀಗೆ ಊರಿಂದ ಊರಿಗೆ ಬೆಟ್ಟವನ್ನು ಸುತ್ತಿ ಏಳನೆಯ ಸಂಜೆ ನಮ್ಮಲ್ಲಿಂದ ಹೋದದ್ದು ನಮಗೇ ತಿರುಗಿ ಬರುತ್ತಿತ್ತು. ಇದನ್ನು ಏಳೂರ ಬಳೆ ಎಂದು ಕರೆಯುತ್ತಿದ್ದೆವು.

ಬಳೆ ತೊಡುವ ಮೊದಲು ಏಳೂರಿನವರೂ ಒಬ್ಬರ ಬಾವಿಗೆ ಒಬ್ಬರು ವಿಷ ಹಾಕುತ್ತಿದ್ದರಂತೆ. ಆಗ ಹಿರಿಯರು ಬೆಟ್ಟದ ಮೇಲೆ ಕೂತು ಸ್ವಾಮಿಯ ಎದುರು ಈ ಕಟ್ಟಳೆ ಮಾಡಿದರು. ನೆರೆಯೂರಿನ ಮಡಕೆಗೆ ಕೆಟ್ಟದ್ದು ಹಾಕಿದವನು ಏಳನೆಯ ದಿನ ಅದನ್ನು ತಾನೇ ಉಣ್ಣಬೇಕು. ಅಂದಿನಿಂದ ಬಾವಿಗಳ ನೀರು ತಿಳಿಯಾಯಿತು. ಸ್ವಾಮಿ ದೊಡ್ಡವನು.

ನಾನು ನಮ್ಮೂರಿನ ಹೆಪ್ಪು ಹೊರುವವಳು. ಊರ ನಡುವಿನ ಹಾಲುಮನೆ ನನ್ನ ಪಾಲಿನ ಗುಡಿ. ಅದರ ಗೂಡಿನಲ್ಲಿ ಸ್ವಾಮಿ ಇದ್ದಾನೆ, ಅವನ ಕೆಳಗೆ ಕಲಾಯಿ ಹಾಕಿದ ತಾಮ್ರದ ಕೊಪ್ಪರಿಗೆ ಇದೆ. ಆಗ ಬೆಳಗ್ಗೆ ಕೊಪ್ಪರಿಗೆ ತೊಳೆಯುತ್ತಿದ್ದೆ, ಸಂಜೆ ನಮ್ಮ ಮೊಸರನ್ನು ಪಡುವಲ ಗಡಿಗೆ ಮುಟ್ಟಿಸಿ ಮೂಡಲ ಗಡಿಕಲ್ಲಿಗೆ ಹೋಗುತ್ತಿದ್ದೆ. ಗಡಿಕಲ್ಲಿನ ಆಚೆ ಮೂಡಲೂರಿನ ಹೆಪ್ಪು ಹೊರುವವಳು ನಿಂತಿರುತ್ತಿದ್ದಳು. ಅವಳು ನನ್ನ ಮಗಳು. ಮೂರು ವರ್ಷದ ಹಿಂದೆ ಆ ಊರಿಗೆ ಕೊಟ್ಟಿದ್ದೆ. ಅವಳು ಮಡಕೆ ಚಾಚುತ್ತಿದ್ದಳು, ನಾನು ಕೈ ಚಾಚುತ್ತಿದ್ದೆ. ಮಡಕೆ ಕೈ ಬದಲಾಯಿಸುವಷ್ಟು ಹೊತ್ತು ನನ್ನ ಮಗಳು ನನಗೆ. ಅಷ್ಟು ಸಾಕು ಎಂದುಕೊಂಡಿದ್ದೆ.

ಆ ಬೇಸಗೆಯಲ್ಲಿ ಅವಳಿಗೆ ಏಳು ತಿಂಗಳು. ಚೊಚ್ಚಲ ಹೆರಿಗೆಗೆ ಮುಂದಿನ ತಿಂಗಳು ತವರಿಗೆ ಬರುವವಳಿದ್ದಳು. ಹಾಲುಮನೆಯ ಹಿಂದಿನ ಕೋಣೆ ಸಾರಿಸಿ, ಹಳೆಯ ಮೆತ್ತನೆ ಸೀರೆಗಳನ್ನು ಒಗೆದು ಮಡಿಸಿಟ್ಟಿದ್ದೆ.

ಆ ಬೇಸಗೆಯಲ್ಲೇ ಮೊಸರು ಹುಳಿಯಾಯಿತು.

ಮೊದಲು ಒಂದು ಮನೆಯಲ್ಲಿ ಮುಖ ಹಿಂಡಿದರು, ಆಮೇಲೆ ಊರಿನ ಇನ್ನೂರು ಮನೆಯಲ್ಲೂ ಹಿಂಡಿದರು. ಹುಳಿ ನಾಲಗೆಯಲ್ಲಿ ನಿಲ್ಲಲಿಲ್ಲ, ಕಾಲಿಗೆ ಇಳಿಯಿತು. ಊರು ಕೂತಲ್ಲಿ ಕೂರದಾಯಿತು. ಕೂತವರು ಎದ್ದರು, ಎದ್ದವರು ಕಟ್ಟೆಯ ತನಕ ಹೋಗಿ ತಿರುಗಿ ಬಂದರು, ಬಂದವರು ಮತ್ತೆ ಹೋದರು. ಒಲೆಯ ಮೇಲೆ ಹಾಲು ಉಕ್ಕಿ ಉಕ್ಕಿ ಹರಿಯಿತು, ಯಾಕೆಂದರೆ ಹಾಲು ಕಾಯಬೇಕಾದವರು ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದರು. ಹಸುಗಳು ಹಗ್ಗ ಎಳೆದವು. ಹಾಲುಮನೆಯ ಮುಂದೆ ಜನ ಸೇರಿದರು, ಚದುರಿದರು, ಮತ್ತೆ ಸೇರಿದರು.

ಅವರಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡುವವನೊಬ್ಬನಿದ್ದ. ಅವನನ್ನು ದೊಡ್ಡ ದನಿಯವನು ಎನ್ನುತ್ತಿದ್ದೆವು. ಅವನು ಕಲ್ಲಿನ ಮೇಲೆ ಹತ್ತಿ ಹೇಳಿದ:

"ಹಸು ನಮ್ಮದು, ಹುಲ್ಲು ನಮ್ಮದು, ಹಾಲು ನಮ್ಮದು. ಹೆಪ್ಪು ಮಾತ್ರ ಅವರದು. ನಮ್ಮ ಹಾಲು ಹುಳಿಯಾಗಬೇಕೋ ಸಿಹಿಯಾಗಬೇಕೋ ಅಂತ ಮೂಡಲೂರಿನವನು ಹೇಳಬೇಕಾ? ಬಳೆ ಬಳೆ ಅಂತೀರಲ್ಲ, ಗಂಡಸರಿಗೆ ಬಳೆ ತೊಡಿಸಿ ಕೂರಿಸಿದ್ದಾರೆ. ಕಳಚಿ ಹಾಕೋಣ."

ಮಜ್ಜಿಗೆ ಮಾರುವ ಅಜ್ಜಿ ಜಗಲಿಯಲ್ಲಿ ಕೂತಿದ್ದಳು. "ಬಳೆ ತೊಟ್ಟ ಕೈಯೇ ಕಣೋ ಇವತ್ತು ಬೆಳಗ್ಗೆ ನಿನಗೆ ರೊಟ್ಟಿ ತಟ್ಟಿದ್ದು," ಅಂದಳು. ಜನ ನಕ್ಕರು. "ಮೂಡಲೂರಿನ ಹುಳಿ ಅಂತೀಯ. ಹೋದ ವಾರ ನಿನ್ನ ಮನೆ ಮೊಸರು ಹ್ಯಾಗಿತ್ತು ನೆನಪು ಮಾಡ್ಕೋ. ಊರೂರು ಸುತ್ತಿ ಬಂದಿದೆ, ಅಷ್ಟೇ."

"ಅಜ್ಜಿಗೆ ಹುಳಿಯಾದಷ್ಟೂ ಮಜ್ಜಿಗೆ ಜಾಸ್ತಿ," ಅಂದ ದೊಡ್ಡ ದನಿಯವನು. ಅದಕ್ಕೂ ಜನ ನಕ್ಕರು.

ಆಗ ಕುಂಬಾರ ಎದ್ದ. ಅವನು ಸಣ್ಣ ದನಿಯವನು, ಆದರೆ ಅವನ ನೋವು ಹಳೆಯದು. "ನಮ್ಮಪ್ಪ ಆರು ಬೆರಳಗಲ ಬಾಯಿ ಬಿಟ್ಟು ಮಡಕೆ ಮಾಡ್ತಿದ್ದ. ಬಳೆ ನೋಡಿಕೊಳ್ಳೋ ಏಳೂರ ಕೂಟದವರು ಬಂದು, ಏಳೂರಿನ ಮಡಕೆಗೂ ಒಂದೇ ಬಾಯಿ ಇರಲಿ, ನಾಲ್ಕು ಬೆರಳು, ಅಂದ್ರು. ಯಾರ ಬೆರಳು ಅಂತ ಕೇಳಿದೆ. ಕೂಟದ ಬೆರಳು ಅಂದ್ರು. ಇಪ್ಪತ್ತು ವರ್ಷ ಆಯ್ತು. ಕಂಡಿಲ್ಲದ ಬೆರಳಿನ ಅಳತೆಗೆ ಮಡಕೆ ತಿರುಗಿಸ್ತಾ ಇದ್ದೀನಿ."

ಇದಕ್ಕೆ ಯಾರೂ ನಗಲಿಲ್ಲ. ಅವನು ಹೇಳಿದ್ದು ನಿಜವಾಗಿತ್ತು, ನನಗೂ ಅನ್ನಿಸಿತು.

ಹೀಗೆ ಒಂದು ದಿನವಲ್ಲ, ಇಪ್ಪತ್ತು ದಿನ. ಗಂಡ ಒಂದು ಹೇಳಿದರೆ ಹೆಂಡತಿ ಒಂದು. ಒಂದೇ ಪಂಕ್ತಿಯಲ್ಲಿ ಕೂತವರು ಎಲೆ ತಿರುಗಿಸಿಕೊಂಡು ಉಂಡರು. ನಾನು ಮಾತ್ರ ಸಂಜೆ ಗಡಿಕಲ್ಲಿಗೆ ಹೋದೆ, ಬಂದೆ. ಹೆಪ್ಪು ಮೂಡಲಿಂದ ಬರುತ್ತದೆ, ಪಡುವಲಿಗೆ ಹೋಗುತ್ತದೆ.

"ಅವ್ವ, ನಿಮ್ಮೂರಲ್ಲಿ ಏನೋ ಗಲಾಟೆಯಂತೆ," ಅಂದಳು ಮಗಳು ಒಂದು ಸಂಜೆ.

"ಬಿಸಿಲು ಕಣವ್ವ. ಮಳೆ ಬಿದ್ದರೆ ತಣ್ಣಗಾಗ್ತಾರೆ."

"ಕೋಣೆ ಸಾರಿಸಿದ್ಯಾ?"

"ಎರಡು ಸಲ."

ಕೊನೆಗೆ ಊರ ಹಿರಿಯ ಹಾಲುಮನೆಯ ಅಟ್ಟದಿಂದ ಹಳೆಯ ಕಟ್ಟಳೆಯ ತಾಳೆಗರಿ ಇಳಿಸಿ ಓದಿದ. ಅವನು ಪಕ್ಷವಿಲ್ಲದ ಮನುಷ್ಯ, ಗಾಳಿಗೆ ಅಲ್ಲಾಡದ ಗಡ್ಡ.

"ಬಳೆಗೆ ಸೇರುವಾಗ ಊರಿನ ಒಂದೊಂದು ಮನೆಯೂ ಒಂದೊಂದು ಹನಿ ಹಾಕಿ ಸೇರಿತು. ಹೊರಗೆ ಬರಬೇಕಾದರೂ ಒಂದೊಂದು ಮನೆಯೂ ಒಪ್ಪಬೇಕು. ಕೊಪ್ಪರಿಗೆಯನ್ನು ಮೂರು ಸಲ ತೊಳೆದು, ಕಾಸಿದ ಹಾಲು ಹೊಯ್ದು, ಬೆರಳು ತಡೆಯುವಷ್ಟು ಬೆಚ್ಚಗೆ ಮಾಡಬೇಕು. ಹೊತ್ತು ಮೂಡಿದ ಮೇಲೆ ಮನೆಗೊಬ್ಬರಂತೆ ಹೆಪ್ಪಿನ ತೆಂಗಿನ ಚಿಪ್ಪು ಹಿಡಿದು ಒಬ್ಬೊಬ್ಬರೇ ಒಳಗೆ ಹೋಗಬೇಕು. ಬಳೆಯಲ್ಲಿ ಉಳಿಯಬೇಕು ಅನ್ನುವವರು ಹನಿ ಹಾಕಬೇಕು. ಬೇಡ ಅನ್ನುವವರು ಹಾಗೇ ಬರಬೇಕು. ಯಾರೂ ನೋಡಬಾರದು, ಯಾರೂ ಕೇಳಬಾರದು. ಹೊತ್ತು ಇಳಿದಾಗ ಮುಚ್ಚಳ ತೆಗೆಯಬೇಕು. ಮೊಸರಾಗಿದ್ದರೆ ಊರು ಬಳೆಯಲ್ಲಿ ಉಳಿಯಿತು. ಹಾಲಾಗಿಯೇ ಇದ್ದರೆ ಹೊರಗೆ ಬಂತು. ಹೊರಗೆ ಬಂದ ಊರಿನ ಗಡಿಕಲ್ಲು ಆ ಸಂಜೆಯ ದೀಪದಿಂದ ಹನ್ನೆರಡು ವರ್ಷ ಮುಚ್ಚಿತು. ಮಡಕೆ ದಾಟಬಾರದು, ಮನುಷ್ಯರು ದಾಟಬಾರದು."

ಹನ್ನೆರಡು ವರ್ಷ. ನಾನು ಹಿಂದಿನ ಕೋಣೆಯ ಬಾಗಿಲ ಕಡೆ ನೋಡಿದೆ.

"ಅಂದರೆ," ಅಂದ ದೊಡ್ಡ ದನಿಯವನು, "ಇನ್ನೂರು ಮನೆಯಲ್ಲಿ ಒಂದು ಮನೆ ಒಂದು ಹನಿ ಹಾಕಿದರೂ ಮೊಸರಾಗಿಬಿಡತ್ತೆ."

"ಹೌದು," ಅಂದ ಹಿರಿಯ.

"ನಾನೇ ಹಾಕ್ತೀನಿ," ಅಂದಳು ಮಜ್ಜಿಗೆಯ ಅಜ್ಜಿ. "ಈಗಲೇ ಹೇಳಿರ್ತೀನಿ. ಯಾರು ಅಂತ ಹುಡುಕೋ ಕಷ್ಟ ಬೇಡ ನಿಮಗೆ."

ದೊಡ್ಡ ದನಿಯವನು ಜಗಳಕ್ಕೆ ನಿಲ್ಲುತ್ತಾನೆ ಎಂದುಕೊಂಡೆವು. ಅವನು ಅಜ್ಜಿಯನ್ನು ನೋಡಿದ, ಕೊಪ್ಪರಿಗೆ ನೋಡಿದ. "ಆಗಲಿ," ಅಂದ. ಅಷ್ಟು ಬೇಗ ಅವನು ಯಾವುದಕ್ಕೂ ಒಪ್ಪಿದವನಲ್ಲ. ನನಗೆ ಆಶ್ಚರ್ಯವಾಯಿತು, ಆದರೆ ಆ ಹೊತ್ತಿನಲ್ಲಿ ಅದನ್ನು ಯೋಚಿಸುವಷ್ಟು ಮನಸ್ಸು ನನ್ನಲ್ಲಿರಲಿಲ್ಲ.

ಮಾರನೆಯ ದಿನ ಕೊಪ್ಪರಿಗೆ ತೊಳೆದೆ. ಬೂದಿ ಹಾಕಿ ಉಜ್ಜಿದೆ, ಕುದಿಯುವ ನೀರು ಹೊಯ್ದೆ, ಬಿಸಿಲಿಗೆ ಕವುಚಿ ಹಾಕಿದೆ. ಮತ್ತೆ ಉಜ್ಜಿದೆ. ಕೊಪ್ಪರಿಗೆಯ ತಳದಲ್ಲಿ ಒಂದು ಬೆಸುಗೆಯ ಸಂದು ಇದೆ. ಅದು ನನಗೊಬ್ಬಳಿಗೇ ಗೊತ್ತು. ಎಷ್ಟು ತೊಳೆದರೂ ಅಲ್ಲಿ ಸಾಸಿವೆಯಷ್ಟು ಹಳೆ ಮೊಸರು ಉಳಿದುಬಿಡುತ್ತದೆ. ಹೆಪ್ಪು ಮರೆತ ದಿನವೂ ನಮ್ಮ ಕೊಪ್ಪರಿಗೆಯಲ್ಲಿ ಹಾಲು ಗಟ್ಟಿಯಾಗುತ್ತಿದ್ದದ್ದು ಅದರಿಂದಲೇ. ಆ ಸಂದನ್ನು ನೋಡುತ್ತ ಕೂತೆ. ಬಿಟ್ಟುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ನನ್ನ ಮಗಳು ಬರುತ್ತಾಳೆ.

ತಲೆ ಎತ್ತಿದರೆ ಗೂಡಿನಲ್ಲಿ ಸ್ವಾಮಿ ಇದ್ದ. ಅವನ ಎದುರಿನಲ್ಲಿ ಊರಿಗೆ ಮೋಸ ಮಾಡಲೇ? ಪೊರಕೆಯಿಂದ ಒಂದು ಕಡ್ಡಿ ಮುರಿದು ಸಂದನ್ನೆಲ್ಲ ಕೆದಕಿ ತೆಗೆದೆ. ಮತ್ತೆ ಕುದಿಯುವ ನೀರು ಹೊಯ್ದೆ. ನನ್ನ ಅರವತ್ತು ವರ್ಷದಲ್ಲಿ ಆ ಕೊಪ್ಪರಿಗೆ ಅಷ್ಟು ಚೊಕ್ಕಟವಾಗಿ ಇದ್ದದ್ದೇ ಇಲ್ಲ.

ಆಮೇಲೆ ಹೂ ಕೇಳಿದೆ. ನಮ್ಮಲ್ಲಿ ಸ್ವಾಮಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ ಮನಸ್ಸಿನಲ್ಲಿರುವುದನ್ನು ಕೇಳುತ್ತೇವೆ. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ನನ್ನ ಮಗಳನ್ನು ಕಳಿಸಿಕೊಡು ಎಂದು ಕೇಳಲು ನಾಚಿಕೆಯಾಯಿತು. ಊರಿನ ವಿಷಯದಲ್ಲಿ ನನ್ನ ಮನೆಯ ವಿಷಯ ಕೇಳಬಾರದು. ಹೀಗೆ ಕೇಳಿದೆ: "ಸ್ವಾಮಿ, ಬಳೆ ಉಳಿಯಲಿ ಅನ್ನುವ ಮನಸ್ಸು ಈ ಊರಿನಲ್ಲಿ, ನನ್ನದು ಬಿಟ್ಟು, ಒಂದಾದರೂ ಇದೆಯಾ?"

ಕೇಳಿ ಮುಗಿಸುವ ಮೊದಲೇ ಬಲಗಡೆಯ ಹೂ ಬಿತ್ತು. ನನ್ನ ಅಂಗೈಗೇ ಬಿತ್ತು. ನಾನು ಅತ್ತೆ. ಒಂದು ಮನಸ್ಸು ಇದ್ದರೆ ಒಂದು ಹನಿ ಇದೆ. ಒಂದು ಹನಿ ಸಾಕು.

ಆ ದಿನ ಬಂತು. ಹಾಲು ಬೆಚ್ಚಗಿತ್ತು. ಹೊತ್ತು ಮೂಡಿದ ಮೇಲೆ ಮನೆಗೊಬ್ಬರು ಚಿಪ್ಪು ಹಿಡಿದು ಸಾಲು ನಿಂತರು. ಒಬ್ಬರು ಒಳಗೆ ಹೋಗುತ್ತಾರೆ, ಪರದೆ ಬೀಳುತ್ತದೆ. ಒಬ್ಬರು ಹೊರಗೆ ಬರುತ್ತಾರೆ, ಪರದೆ ಏಳುತ್ತದೆ. ಬಂದವರ ಮುಖವನ್ನು ನಿಂತವರು ನೋಡುತ್ತಾರೆ, ನಿಂತವರ ಮುಖವನ್ನು ಬಂದವರು ನೋಡುವುದಿಲ್ಲ. "ಬೆರಳು ಮೂಸಿ ನೋಡ್ರೋ, ಹುಳಿ ವಾಸನೆ ಬರುತ್ತಾ," ಎಂದು ಯಾರೋ ತಮಾಷೆ ಮಾಡಿದರು. ಆಮೇಲೆ ಹೊರಗೆ ಬಂದವರೆಲ್ಲ ಕೈಯನ್ನು ಬಟ್ಟೆಗೆ ಒರೆಸಿಕೊಂಡೇ ಬಂದರು. ಕುಂಬಾರ ಹೋದ, ಬಂದ. ಅಜ್ಜಿ ಹೋದಳು. ಎಲ್ಲರೂ ಪರದೆಯನ್ನೇ ನೋಡಿದರು. ಅವಳು ಬೇಗ ಬಂದಳು, ಯಾರ ಕಡೆಗೂ ತಿರುಗದೆ ಜಗಲಿಯಲ್ಲಿ ಕೂತಳು. ದೊಡ್ಡ ದನಿಯವನು ಹೋದ. ಅವನು ಒಳಗೆ ತುಂಬ ಹೊತ್ತು ಇದ್ದ.

ಕೊನೆಯವಳು ನಾನು. ಪರದೆ ನನ್ನ ಹಿಂದೆ ಬಿತ್ತು. ಕೊಪ್ಪರಿಗೆಯ ಹಾಲು ಬೆಳ್ಳಗೆ, ಅಲ್ಲಾಡದೆ ಇತ್ತು. ಚಿಪ್ಪಿನ ಮುಚ್ಚಳ ತೆಗೆದೆ. ಹಿಂದಿನ ಸಂಜೆ, ಕೊಪ್ಪರಿಗೆಯ ಕಟ್ಟಳೆಯನ್ನೆಲ್ಲ ನನ್ನಿಂದ ಕೇಳಿಸಿಕೊಂಡು, ಮಗಳು ಕೊಟ್ಟ ಮೊಸರು ಅದರಲ್ಲಿತ್ತು. ಹಾಲಿನ ಮೇಲೆ ಚಿಪ್ಪನ್ನು ಹಿಡಿದೆ. ಬಗ್ಗಿಸಬೇಕು, ಅಷ್ಟೇ.

ಆಗ ಹೂವಿನ ನೆನಪಾಯಿತು. ಸ್ವಾಮಿ ಹೌದು ಅಂದ ಮೇಲೂ ನಾನು ನನ್ನ ಹನಿ ಹಾಕಿದರೆ ಅವನ ಮಾತಿನ ಮೇಲೆ ನನಗೆ ನಂಬಿಕೆ ಇಲ್ಲ ಎಂದ ಹಾಗೆ. ಅವನು ಒಪ್ಪಿಕೊಂಡ ಕೆಲಸದಲ್ಲಿ ನಾನು ಯಾಕೆ ಕೈ ಹಾಕಲಿ? ಬೇರೆ ಯಾರದೋ ಹನಿ ಆಗಲೇ ಒಳಗೆ ಬಿದ್ದು ತನ್ನ ಕೆಲಸ ಶುರು ಮಾಡಿರುತ್ತದೆ. ಹಾಲು ಎಷ್ಟು ಶಾಂತವಾಗಿದೆ ನೋಡು ಎಂದುಕೊಂಡೆ. ಆ ಇಪ್ಪತ್ತು ದಿನದಲ್ಲಿ ಮೊದಲ ಸಲ ನನ್ನ ಜೀವಕ್ಕೆ ನೆಮ್ಮದಿ ಸಿಕ್ಕಿತು. ಚಿಪ್ಪಿಗೆ ಮುಚ್ಚಳ ಹಾಕಿ ಸೆರಗಿನಲ್ಲಿ ಕಟ್ಟಿಕೊಂಡೆ. ಎರಡೂ ಕೈ ಮುಗಿದೆ. ಹೊರಗೆ ಬಂದೆ.

ಇಡೀ ದಿನ ಊರಲ್ಲಿ ಯಾರೂ ಕೂರಲಿಲ್ಲ. ನಾನೊಬ್ಬಳೇ ಕಂಬಕ್ಕೆ ಒರಗಿ ಒಂದು ಜೊಂಪು ನಿದ್ದೆ ಮಾಡಿದೆ.

ಹೊತ್ತು ಬೆಟ್ಟದ ಭುಜಕ್ಕೆ ಇಳಿದಾಗ ಹಿರಿಯ ಮುಚ್ಚಳ ತೆಗೆದ. ಮೇಲೆ ಕೆನೆ ಕಟ್ಟಿತ್ತು. ಮುಂದಿದ್ದವರು, "ಆಗಿದೆ, ಆಗಿದೆ," ಅಂದರು. ಹಿರಿಯ ಕೆನೆ ಸರಿಸಿ ಬೆರಳು ಅದ್ದಿ ಎತ್ತಿದ. ಬೆರಳಿನಿಂದ ಬಿಳಿಯ ದಾರ ತೆಳ್ಳಗೆ ಇಳಿಯಿತು, ಕೊಪ್ಪರಿಗೆಯಲ್ಲಿ ತೊಟ್ ತೊಟ್ ಎಂದು ಬಿತ್ತು.

ಹಾಲು ಹಾಲಾಗಿಯೇ ಇತ್ತು.

ಊರು ಗೆದ್ದಿತ್ತು. ಆದರೆ ಗೆದ್ದವರು ಯಾರು ಎಂದು ಹುಡುಕಿದರೆ ಯಾರೂ ಸಿಗಲಿಲ್ಲ. ದೊಡ್ಡ ದನಿಯವನು ಕೈ ಎತ್ತಲು ಹೋಗಿ ಅರ್ಧಕ್ಕೆ ನಿಂತಿದ್ದ. ಅವನು ಅಜ್ಜಿಯ ಕಡೆಗೆ ತಿರುಗಿದ. ಅವನ ದನಿ ಸಣ್ಣದಾಗಿತ್ತು.

"ಅಜ್ಜಿ. ನೀನು ಹಾಕ್ತೀನಿ ಅಂದಿದ್ದೆಯಲ್ಲ."

ಅಜ್ಜಿ ತನ್ನ ಕೈ ನೋಡಿಕೊಂಡಳು. "ಬಾಯಲ್ಲಿ ಹಾಕಿದ್ದೆ ಕಣಪ್ಪ. ಒಳಗೆ ಹೋದೆ. ನಾಳೆಯಿಂದ ಇನ್ನೂರು ಮನೆಯೂ ಇದೇ ಮುದುಕಿ ಹಾಳು ಮಾಡಿದ್ದು ಅನ್ನುತ್ತೆ, ನನ್ನ ಮಜ್ಜಿಗೆ ಯಾರು ಕುಡೀತಾರೆ ಅನ್ನಿಸ್ತು. ಹ್ಯಾಗೂ ಹೆಪ್ಪು ಹೊರುವವಳು ಹಾಕ್ತಾಳೆ. ಬಸುರಿ ಮಗಳನ್ನ ಆಚೆ ಇಟ್ಟುಕೊಂಡಿರೋ ತಾಯಿ ಹಾಕದೆ ಇರ್ತಾಳಾ ಅಂದುಕೊಂಡೆ." ಆಮೇಲೆ ಅವನನ್ನೇ ಕೇಳಿದಳು, "ನಿನಗೇನಾಯ್ತು? ನಿನಗೆ ಬೇಕಾಗಿದ್ದೇ ಆಯ್ತಲ್ಲ."

"ನನಗೆ ಇದು ಬೇಕಿತ್ತು ಅಂತ ಯಾರು ಹೇಳಿದ್ದು?" ಅಂದ ಅವನು. "ಮೂಡಲೂರಿನವರಿಗೆ ಒಂದು ಸಲ ಹೆದರಿಕೆ ಆಗಲಿ ಅಂತ ಇತ್ತು. ಕೂಟದವರು ಬಂದು ಒಂದು ಸಲ ನಮ್ಮನ್ನ ಕೂರಿಸಿ ಕೇಳಲಿ ಅಂತ ಇತ್ತು. ನೀನು ಹನಿ ಹಾಕ್ತೀಯ, ಸೋಲ್ತೀನಿ, ಇನ್ನಷ್ಟು ದಿನ ಬೈದುಕೊಂಡು ಇರ್ತೀನಿ ಅಂದುಕೊಂಡಿದ್ದೆ. ಒಳಗೆ ನಿಂತಾಗ ಹಾಕಿಬಿಡೋಣ ಅನ್ನಿಸ್ತು. ಕಲ್ಲು ಹತ್ತಿ ಕೂಗಿದ ನಾನೇ ಹಾಕೋದು ಹ್ಯಾಗೆ?"

ಕುಂಬಾರ ನೆಲ ನೋಡುತ್ತಿದ್ದ. "ಈಗ ಹಾಕೋಣ. ಎಲ್ಲರ ಹತ್ತಿರವೂ ಚಿಪ್ಪು ಇದೆ," ಅಂದ. ನಿಜ, ಇನ್ನೂರು ಚಿಪ್ಪು ಇತ್ತು. ಅವುಗಳಲ್ಲಿ ಮುಕ್ಕಾಲು ಪಾಲು ಚಿಪ್ಪು ತುಂಬಿಯೇ ಇತ್ತು. ತುಂಬಿಸಿ ತಂದಿದ್ದರು, ತುಂಬಿಯೇ ಇಟ್ಟುಕೊಂಡಿದ್ದರು.

ಹಿರಿಯ ಕೊಪ್ಪರಿಗೆ ನೋಡಿದ. "ಮುಚ್ಚಳ ತೆಗೆದಾಯಿತು," ಅಂದ.

ಆಗ ಎಲ್ಲರೂ ನನ್ನ ಕಡೆ ನೋಡಿದರು. ನಾನು ಸೆರಗಿನ ಗಂಟನ್ನು ಹಿಡಿದುಕೊಂಡು ಗಡಿಕಲ್ಲಿನ ಕಡೆಗೆ ನಡೆದೆ. ದೀಪಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.

ಮಗಳು ಆಗಲೇ ಬಂದಿದ್ದಳು. ಮಡಕೆಯನ್ನು ಸೊಂಟದಲ್ಲಿಡಲು ಈಗ ಆಗುತ್ತಿರಲಿಲ್ಲ, ಎದೆಗೆ ಅವಚಿ ಹಿಡಿದಿದ್ದಳು.

"ಅವ್ವ, ಇವತ್ತು ಹುಳಿ ಇಲ್ಲ. ನಾನೇ ರುಚಿ ನೋಡಿದೆ," ಅಂದಳು. ಮಡಕೆ ಚಾಚಿದಳು. ನಾನು ಕೈ ಚಾಚಲಿಲ್ಲ. ಅವಳು ನನ್ನ ಮುಖ ನೋಡಿದಳು. ಮಡಕೆಯನ್ನು ಮೆಲ್ಲಗೆ ತನ್ನ ಕಡೆಯ ನೆಲದಲ್ಲಿ ಇಟ್ಟಳು.

"ಹಾಲಾಗಿಯೇ ಇತ್ತಾ?"

"ಹ್ಞೂಂ."

"ಇನ್ನೂರು ಮನೆಯಲ್ಲಿ ಒಬ್ಬರೂ ಹಾಕಲಿಲ್ಲವಾ?"

"ಇಲ್ಲ ಕಣವ್ವ."

ಅವಳು ಬೆಟ್ಟದ ಕಡೆ ನೋಡಿದಳು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ಸಿಟ್ಟಿಲ್ಲದೆ, ಚಿಕ್ಕವಳಾಗಿದ್ದಾಗ ಕೇಳುತ್ತಿದ್ದ ಹಾಗೆ ಕೇಳಿದಳು.

"ನೀನೂ ಹಾಕಲಿಲ್ಲವಾ ಅವ್ವ?"

ಸ್ವಾಮಿ ಹೂ ಕೊಟ್ಟಿದ್ದ ಎಂದು ಹೇಳಬೇಕೆಂದಿದ್ದೆ. ಅದರ ಬದಲು ಸೆರಗಿನ ಗಂಟು ಬಿಚ್ಚಿ ಚಿಪ್ಪು ತೆಗೆದೆ, ಮುಚ್ಚಳ ತೆಗೆದು ಗಡಿಕಲ್ಲಿನ ಮೇಲೆ ಇಟ್ಟೆ. ಅವಳೇ ಹಿಂದಿನ ಸಂಜೆ ಕೊಟ್ಟ ಮೊಸರು ಅದರಲ್ಲಿ ಹಾಗೇ ಇತ್ತು. ಮೇಲೆ ತೆಳ್ಳಗೆ ಪೊರೆ ಕಟ್ಟಿತ್ತು. ಅವಳು ಅದನ್ನು ನೋಡಿದಳು. ಬಾಣಂತನ ಯಾರು ಮಾಡುತ್ತಾರೆ ಎಂದು ಕೇಳಲಿಲ್ಲ. ಮೆತ್ತನೆ ಸೀರೆಗಳ ಮಾತು ಎತ್ತಲಿಲ್ಲ. ಚಿಪ್ಪಿನ ಮುಚ್ಚಳ ಹಾಕಿ ತನ್ನ ಸೆರಗಿನಲ್ಲಿ ಕಟ್ಟಿಕೊಂಡಳು.

"ಇದನ್ನ ನಾನು ಒಯ್ಯುತ್ತೀನಿ," ಅಂದಳು. "ಇನ್ನೂ ದೀಪ ಹಚ್ಚಿಲ್ಲ."

ಹೆಪ್ಪು ಮೂಡಲಿಂದ ಬರುತ್ತದೆ. ಆ ಒಂದು ಸಂಜೆ ಅದು ಮೂಡಲಿಗೆ ಹೋಯಿತು. ಅವಳು ಮಡಕೆ ಎತ್ತಿಕೊಂಡು, ದಾರಿ ತಿರುಗುವಲ್ಲಿ ಒಮ್ಮೆ ನಿಂತು, ಹೋದಳು. ನನ್ನ ಹಿಂದೆ ಹಾಲುಮನೆಯಲ್ಲಿ ಯಾರೋ ದೀಪ ಹಚ್ಚಿದರು.

ಈಗ ನಮ್ಮ ಹಾಲಿಗೆ ನಮ್ಮದೇ ಹೆಪ್ಪು. ಮೊಸರು ಚೆನ್ನಾಗಿಯೇ ಆಗುತ್ತದೆ, ಸುಳ್ಳು ಯಾಕೆ ಹೇಳಲಿ. ಕುಂಬಾರ ಆರು ಬೆರಳಿನ ಬಾಯಿಯ ಮಡಕೆ ಮಾಡುತ್ತಾನೆ, ಒಳ್ಳೆಯ ಮಡಕೆ. ಅಜ್ಜಿಯ ಮಜ್ಜಿಗೆಯನ್ನು ಎಲ್ಲರೂ ಕುಡಿಯುತ್ತಾರೆ. ಆದರೆ ದೀಪದ ಹೊತ್ತು ಬಂದರೆ ಜನಕ್ಕೆ ಮನೆಯಲ್ಲಿ ಕೂರಲು ಆಗುವುದಿಲ್ಲ. ಕರು ಹುಡುಕುವ ನೆಪದಲ್ಲಿ ಒಬ್ಬೊಬ್ಬರೇ ಗಡಿಕಲ್ಲಿನ ತನಕ ಬರುತ್ತಾರೆ. ದೊಡ್ಡ ದನಿಯವನೂ ಬರುತ್ತಾನೆ. ಅವನ ಮನೆಯಲ್ಲಿ ಕರುವೇ ಇಲ್ಲ.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಮೂಡಲ ಕಡೆಯಿಂದ ಜಾಗಟೆಯ ಸದ್ದು ಕೇಳಿಸಿತು. ಆ ಊರಲ್ಲಿ ಮಗು ಹುಟ್ಟಿದರೆ ಜಾಗಟೆ ಬಡಿಯುತ್ತಾರೆ. ಯಾರ ಮಗುವೋ. ಅಷ್ಟು ದೊಡ್ಡ ಊರಿನಲ್ಲಿ ಬಸುರಿ ನನ್ನ ಮಗಳೊಬ್ಬಳೇ ಅಲ್ಲ. ನಾನು ಹಿಂದಿನ ಕೋಣೆಯನ್ನು ಮತ್ತೆ ಒಂದು ಸಲ ಸಾರಿಸಿದೆ.

ಸ್ವಾಮಿಯ ಮೇಲೆ ನನಗೆ ಬೇಸರವಿಲ್ಲ. ಅವನ ಹೂ ಸುಳ್ಳಾಗಲಿಲ್ಲ. ಒಂದಾದರೂ ಮನಸ್ಸು ಇದೆಯಾ ಎಂದು ಕೇಳಿದ್ದೆ, ಇದೆ ಅಂದ. ಊರು ತುಂಬ ಇತ್ತು. ಈಗಲೂ ಬೆಳಗ್ಗೆ ಕೊಪ್ಪರಿಗೆ ತೊಳೆಯುತ್ತೇನೆ, ಬೆಸುಗೆಯ ಸಂದನ್ನು ಕೆದಕುವುದಿಲ್ಲ. ಈಗಲೂ ಸಂಜೆ ಅವನ ಮುಂದೆ ನಿಂತು ಕೈ ಮುಗಿಯುತ್ತೇನೆ. ಮುಗಿಯುವ ಮೊದಲು ಮಾತ್ರ, ಕೈಯಲ್ಲಿ ಏನಾದರೂ ಉಳಿದಿದೆಯಾ ಎಂದು ಒಂದು ಸಲ ನೋಡಿಕೊಳ್ಳುತ್ತೇನೆ.